ಕಾಂಪ್ಲೆಮೆಂಟೋ, ಕಾಂಪ್ಲಿಮೆಂಟೋ? ಹೋಂಸ್ಟೇ ಬೋರ್ಡು ಬರೆಸುವ ಮುನ್ನ ತಿಳಿದಿರಲಿ

ಕುಶಾಲನಗರದಿಂದ ಮಡಿಕೇರಿಗೆ ಏರುವ ದಾರಿಯಲ್ಲಾಗಲಿ, ವಿರಾಜಪೇಟೆಯಿಂದ ಕಕ್ಕಬ್ಬೆ ಕಡೆಗೆ ತಿರುಗುವ ದಾರಿಯಲ್ಲಾಗಲಿ ಹೋಂಸ್ಟೇ ಬೋರ್ಡುಗಳಿಗೆ ಬರವಿಲ್ಲ. ರೂಮಿನ ಜೊತೆ ಬೆಳಗಿನ ತಿಂಡಿಗೆ ಬೇರೆ ದುಡ್ಡಿಲ್ಲ ಎಂದು ತಿಳಿಸಲು ಆ ಬೋರ್ಡುಗಳಲ್ಲಿ, ರೇಟ್ ಕಾರ್ಡುಗಳಲ್ಲಿ, ಬುಕಿಂಗ್ ಆ್ಯಪ್‌ಗಳಲ್ಲಿ ಒಂದೇ ಇಂಗ್ಲಿಷ್ ಪದ ಓಡಾಡುತ್ತದೆ: ಕಾಂಪ್ಲಿಮೆಂಟರಿ ಬ್ರೇಕ್‌ಫಾಸ್ಟ್. ಬಾಯಲ್ಲಿ ಹೇಳುವಾಗ ಇದರಲ್ಲಿ ಯಾವ ತೊಡಕೂ ಇಲ್ಲ. ಬರೆಯಲು ಕೂತಾಗ ಮಾತ್ರ, ಹೆಚ್ಚುಕಡಿಮೆ ಒಂದೇ ಸ್ಪೆಲಿಂಗ್ ಇರುವ ಇನ್ನೊಂದು ಪದ ನುಸುಳಿಬಿಡುತ್ತದೆ. ಆಗ ‘ಉಚಿತ ತಿಂಡಿ’ ಎಂದು ಬರೆಯಲು ಹೊರಟವರು ‘ಪೂರಕ ತಿಂಡಿ’ ಎಂದು ಬರೆದಿರುತ್ತಾರೆ.

ಅತಿಥಿಗೆ ಅರ್ಥವಾದರೆ ಸಾಕಲ್ಲ, ಒಂದು ಅಕ್ಷರದ್ದೇನು ಎನ್ನುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಲಕ್ಷಗಟ್ಟಲೆ ಸುರಿದು ಮನೆ ಅಣಿ ಮಾಡಿ, ಹಾಸಿಗೆ ಹೊದಿಕೆ ಬಿಸಿನೀರು ಎಲ್ಲವನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುವವರ ಬಾಗಿಲಲ್ಲಿ ತಪ್ಪು ಪದ ನಿಂತಿರಬಾರದು. ಸರಿಪಡಿಸಿಕೊಳ್ಳಲು ಖರ್ಚೂ ಇಲ್ಲ, ಒಂದರ್ಧ ಗಂಟೆ ಗಮನ ಕೊಟ್ಟರಾಯಿತು. ಪರೀಕ್ಷೆ ಬರೆಯುವ ಮಕ್ಕಳಿಗೂ, ಕಚೇರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುವವರಿಗೂ ಇದೇ ತಿಳಿವಳಿಕೆ ಬೇಕಾಗುತ್ತದೆ.

ಮೊದಲು ಆರನೇ ಅಕ್ಷರ ನೋಡಿ

ಎರಡೂ ಪದಗಳ ಮೊದಲ ಐದು ಅಕ್ಷರ ಒಂದೇ: ಸಿ, ಒ, ಎಂ, ಪಿ, ಎಲ್. ಕೊನೆಯ ನಾಲ್ಕೂ ಒಂದೇ: ಎಂ, ಇ, ಎನ್, ಟಿ. ನಡುವಿನ ಆರನೇ ಅಕ್ಷರವೊಂದೇ ಬೇರೆ. ಒಂದರಲ್ಲಿ ‘ಇ’ (e), ಇನ್ನೊಂದರಲ್ಲಿ ‘ಐ’ (i). ಇಲ್ಲಿಂದ ಮುಂದೆ ‘ಇ’ ಇರುವುದನ್ನು ಕಾಂಪ್ಲೆಮೆಂಟ್ ಎಂದೂ, ‘ಐ’ ಇರುವುದನ್ನು ಕಾಂಪ್ಲಿಮೆಂಟ್ ಎಂದೂ ಬರೆಯುತ್ತೇನೆ. ನಮ್ಮ ಲಿಪಿಯಲ್ಲಿ ಎತ್ವ, ಗುಡಿಸು ಬೇರೆಬೇರೆಯಾಗಿ ಕಣ್ಣಿಗೆ ಹೊಡೆಯುವುದರಿಂದ ಇದು ಸುಲಭ. ‘ಪ್ಲೆ’ ಪದ, ‘ಪ್ಲಿ’ ಪದ ಎಂದರೂ ಆಯಿತು.

ಇದು ಬರವಣಿಗೆಗೆ ಮಾಡಿಕೊಂಡ ಏರ್ಪಾಡು ಮಾತ್ರ. ಇಂಗ್ಲಿಷ್ ಮನೆಮಾತಾಗಿರುವವರ ಬಾಯಲ್ಲಿ ಎರಡೂ ಒಂದೇ ರೀತಿ ಕೇಳುತ್ತವೆ. ನಾಮಪದವಾದಾಗ ಎರಡರ ಕೊನೆಯೂ ಮೆತ್ತಗಾಗಿ ‘ಮಂಟ್’ ಎಂಬಂತಾಗುತ್ತದೆ, ಕ್ರಿಯಾಪದವಾದಾಗ ಎರಡರಲ್ಲೂ ‘ಮೆಂಟ್’ ಎಂದು ಬಿಡಿಸಿ ಕೇಳುತ್ತದೆ. ಆದ್ದರಿಂದ ಕಿವಿಯನ್ನು ನಂಬಿ ಬರೆಯಲಾಗದು. ಫೋನಿನಲ್ಲಿ ಮಾತಾಡಿ ಟೈಪ್ ಮಾಡಿಸಿದರೂ ಯಾವುದು ಬರುತ್ತದೆಂಬ ಭರವಸೆಯಿಲ್ಲ. ಕಂಪ್ಯೂಟರಿನ ಕೆಂಪು ಗೆರೆಯೂ ಇಲ್ಲಿ ಕೆಲಸಕ್ಕೆ ಬಾರದು, ಯಾಕೆಂದರೆ ಎರಡೂ ನಿಘಂಟಿನಲ್ಲಿರುವ ಸರಿಯಾದ ಪದಗಳೇ. ಡಿಟಿಪಿ ಅಂಗಡಿಯವರು ಪ್ರೂಫ್ ತೋರಿಸಿದಾಗ ತಪ್ಪು ಕಣ್ತಪ್ಪಿ ಹೋಗುವುದು ಇದಕ್ಕೇ.

ಮುಂದಿನ ಹೆಜ್ಜೆ: ‘ಪ್ಲೆ’ ಎಂದರೆ ಜೋಡಿ ಕೂಡಿ ತುಂಬಿಬರುವುದು

ಒಂದು ಇನ್ನೊಂದರ ಕೊರತೆಯನ್ನು ತುಂಬಿ, ಎರಡೂ ಸೇರಿದಾಗ ಪೂರ್ತಿಯಾಗುವುದಿದ್ದರೆ ಅದು ಕಾಂಪ್ಲೆಮೆಂಟ್. ಕೊಡಗಿನಲ್ಲಿ ಇದನ್ನು ವಿವರಿಸಲು ಅಡುಗೆಮನೆಯ ಆಚೆ ಹೋಗಬೇಕಿಲ್ಲ. ಹಂದಿ ಮಾಂಸದಲ್ಲಿ ಕೊಬ್ಬು ಹೆಚ್ಚು. ಪಂದಿ ಕರಿಗೆ ಕೊನೆಯಲ್ಲಿ ಬೀಳುವ ಕಾಚಂಪುಳಿ ಎಂಬ ಹುಳಿರಸ ಕಪ್ಪಗೆ, ಗಟ್ಟಿಯಾಗಿ, ಮೂಗಿಗೆ ಏರುವಷ್ಟು ಹುಳಿಯಾಗಿರುತ್ತದೆ. ಅದನ್ನು ಒಂದು ಚಮಚ ಬರಿದೇ ಬಾಯಿಗೆ ಹಾಕಿಕೊಂಡರೆ ಯಾರೂ ಎರಡನೇ ಸಲ ಕೇಳುವುದಿಲ್ಲ. ಅದೇ ಹುಳಿ ಕೊಬ್ಬಿನ ಭಾರವನ್ನು ಇಳಿಸುತ್ತದೆ, ಕೊಬ್ಬು ಹುಳಿಯ ಮೊನೆಯನ್ನು ಮೊಂಡಾಗಿಸುತ್ತದೆ. ಪಕ್ಕದಲ್ಲಿ ಅಕ್ಕಿ ತರಿಯಿಂದ ಕಟ್ಟಿ ಹಬೆಯಲ್ಲಿ ಬೇಯಿಸಿದ ಕಡಂಬುಟ್ಟು. ಅದಕ್ಕೆ ತನ್ನದೇ ಆದ ಖಾರವಿಲ್ಲ, ಹುಳಿಯಿಲ್ಲ, ಹೀಗಾಗಿ ಕರಿಯ ಗಸಿಯನ್ನೆಲ್ಲ ಹೀರಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಹೇಳುವುದಾದರೆ, ಕಡಂಬುಟ್ಟು ಕಾಂಪ್ಲೆಮೆಂಟ್ಸ್ ಪಂದಿ ಕರಿ. ನೂಲ್‌ಪುಟ್ಟು (ಅಕ್ಕಿ ಶಾವಿಗೆ) ಮತ್ತು ಕೋಳಿ ಕರಿ ಕಾಂಪ್ಲೆಮೆಂಟ್ ಈಚ್ ಅದರ್.

ಇಲ್ಲೊಂದು ಎಚ್ಚರಿಕೆ. ಕನ್ನಡದಲ್ಲಿ ‘ಕರಿಗೆ ಪೂರಕ’ ಎನ್ನುವ ರೂಢಿಯಿಂದ ಇಂಗ್ಲಿಷಿನಲ್ಲೂ ‘ಕಾಂಪ್ಲೆಮೆಂಟ್ಸ್ ಟು ದಿ ಕರಿ’ ಎಂದು ಬರೆಯುವವರಿದ್ದಾರೆ. ಕ್ರಿಯಾಪದವಾದಾಗ ‘ಟು’ ಬೇಡ. ‘ಎ ಕಾಂಪ್ಲೆಮೆಂಟ್ ಟು’, ‘ಕಾಂಪ್ಲೆಮೆಂಟರಿ ಟು’ ಎಂದು ನಾಮಪದ, ವಿಶೇಷಣಗಳಾದಾಗ ಮಾತ್ರ ‘ಟು’ ಬರುತ್ತದೆ.

ತೋಟಕ್ಕೆ ಬಂದರೆ ಇನ್ನೂ ಚೆನ್ನಾದ ಉದಾಹರಣೆಯಿದೆ. ಅರೇಬಿಕಾ ಗಿಡ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ರೊಬಸ್ಟಾಕ್ಕೆ ಅದು ಆಗದು, ಬೇರೊಂದು ಗಿಡದ ಪರಾಗವೇ ಬೇಕು. ಅದನ್ನು ತಂದುಕೊಡುವುದು ಗಾಳಿ ಮತ್ತು ಜೇನು. ಹೂಮಳೆ ಬಿದ್ದು ಅಥವಾ ಸ್ಪ್ರಿಂಕ್ಲರ್ ನೀರು ಹೊಡೆದು ಕೆಲವು ದಿನಕ್ಕೆ ತೋಟ ಬೆಳ್ಳಗೆ ಅರಳಿ ನಿಂತಾಗ, ತುಡುವೆ ಜೇನಿನ ಪೆಟ್ಟಿಗೆ ಇಟ್ಟವರಿಗೆ ಜೇನು ಸಿಗುತ್ತದೆ, ಗಿಡಕ್ಕೆ ಪರಾಗ ಸಿಗುತ್ತದೆ. ರೊಬಸ್ಟಾ ತೋಟ ಮತ್ತು ಜೇನು ಸಾಕಣೆ ಒಂದಕ್ಕೊಂದು ನಷ್ಟ ಮಾಡುವುದಿಲ್ಲ, ಒಂದು ಬೆಳೆದರೆ ಇನ್ನೊಂದಕ್ಕೂ ಲಾಭ. ಕೃಷಿ ಅರ್ಥಶಾಸ್ತ್ರದವರು ಇಂಥ ಜೋಡಿ ಕಸುಬುಗಳನ್ನು ಕಾಂಪ್ಲೆಮೆಂಟರಿ ಎಂದೇ ಕರೆಯುತ್ತಾರೆ. ಬ್ಯಾಂಕಿಗೆ ಸಾಲದ ಯೋಜನಾ ವರದಿ ಬರೆಯುವಾಗ ಜೇನು ಸಾಕಣೆ ತೋಟಕ್ಕೆ ಪೂರಕ ಎಂದು ತೋರಿಸಬೇಕಿದ್ದರೆ ಅಲ್ಲಿ ಬರಬೇಕಾದ್ದು ‘ಪ್ಲೆ’. ‘ಪ್ಲಿ’ ಬರೆದರೆ ಜೇನನ್ನು ಪುಕ್ಕಟೆ ಹಂಚುತ್ತಿದ್ದೀರಿ ಎಂಬ ಅರ್ಥ ಬರುತ್ತದೆ.

ಪುಡಿ ಮಾಡಿದ ಮೇಲೂ ಇದೇ ಮಾತು. ಅರೇಬಿಕಾದಲ್ಲಿ ಪರಿಮಳ ಮತ್ತು ಹದವಾದ ಹುಳಿ, ರೊಬಸ್ಟಾದಲ್ಲಿ ಗಟ್ಟಿತನ, ಕಹಿ, ಹೆಚ್ಚು ಕೆಫೀನ್. ಎರಡನ್ನೂ ಬೆರೆಸಿ ಹುರಿಯುವವರು ಒಂದರಲ್ಲಿ ಇಲ್ಲದ್ದನ್ನು ಇನ್ನೊಂದರಿಂದ ತುಂಬಿಸುತ್ತಿರುತ್ತಾರೆ. ಸ್ವಂತ ತೋಟದ ಪುಡಿಗೆ ಪ್ಯಾಕೆಟ್ ಮಾಡಿಸಿ ಮಾರುವವರು ಈಗ ಬಹಳ ಮಂದಿ. ಲೇಬಲ್ಲಿನ ಬೆನ್ನಿಗೆ ‘ಎರಡೂ ಒಂದಕ್ಕೊಂದು ಪೂರಕ’ ಎಂದು ಇಂಗ್ಲಿಷಿನಲ್ಲಿ ಬರೆಸುವಾಗ ‘ಇ’ ಅಕ್ಷರ ಇದೆಯೇ ಎಂದು ನೋಡಿಕೊಳ್ಳಿ. ಚಿಕೋರಿಯೂ ಕಾಂಪ್ಲೆಮೆಂಟೇ ಎನ್ನುವವರಿದ್ದಾರೆ. ನನ್ನ ನಾಲಿಗೆ ಅದನ್ನು ಒಪ್ಪದು. ಚಿಕೋರಿ ಬೆರೆತ ಪುಡಿಯಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಬಾರದೆಂಬ ನಿಯಮವಿದೆ ಎಂಬುದನ್ನಂತೂ ಲೇಬಲ್ ಬರೆಸುವವರು ನೆನಪಿಡಬೇಕು.

ಬಣ್ಣಗಳ ಲೋಕದಲ್ಲೂ ಈ ಪದವಿದೆ. ಚಿತ್ರ ಕಲಿಸುವವರ ಬಣ್ಣದ ಚಕ್ರದಲ್ಲಿ ಎದುರುಬದುರು ಕೂರುವ ಕೆಂಪು–ಹಸಿರು, ನೀಲಿ–ಕಿತ್ತಳೆ, ಹಳದಿ–ನೇರಳೆ ಜೋಡಿಗಳು ಕಾಂಪ್ಲೆಮೆಂಟರಿ ಕಲರ್ಸ್. ಪಕ್ಕಪಕ್ಕ ಇಟ್ಟರೆ ಎರಡೂ ಇನ್ನಷ್ಟು ಎದ್ದು ಕಾಣುತ್ತವೆ. ಕೊಯ್ಲಿಗೆ ಬಂದ ಕಾಫಿ ಗಿಡದ ಫೋಟೋಗೆ ಎಂಥ ಸಾಧಾರಣ ಫೋನಿನಲ್ಲೂ ಅಷ್ಟು ಕಳೆ ಬರುವುದು ಕಡು ಹಸಿರು ಎಲೆಯ ನಡುವೆ ಕೆಂಪು ಹಣ್ಣಿನ ಗೊಂಚಲು ಕೂತಿರುವುದರಿಂದ.

ಶಾಲೆಯ ಮಕ್ಕಳಿಗೆ ಈ ಪದ ಮೊದಲು ಎದುರಾಗುವುದು ಗಣಿತದಲ್ಲಿ. ಕನ್ನಡ ಮಾಧ್ಯಮದ ಪುಸ್ತಕದಲ್ಲಿ ‘ಪೂರಕ ಕೋನಗಳು’ ಎಂದು ಓದಿದ್ದೇ ಇಂಗ್ಲಿಷಿನಲ್ಲಿ ಕಾಂಪ್ಲೆಮೆಂಟರಿ ಆ್ಯಂಗಲ್ಸ್: ಎರಡರ ಮೊತ್ತ 90 ಡಿಗ್ರಿ. 38 ಡಿಗ್ರಿಗೆ ಪೂರಕ ಕೋನ 52. ಗಣಗಳ ಪಾಠದ ‘ಪೂರಕ ಗಣ’, ಪಿಯುಸಿ ಕಂಪ್ಯೂಟರ್ ವಿಜ್ಞಾನದ ಟೂಸ್ ಕಾಂಪ್ಲೆಮೆಂಟ್, ಇಂಗ್ಲಿಷ್ ವ್ಯಾಕರಣದ ಸಬ್ಜೆಕ್ಟ್ ಕಾಂಪ್ಲೆಮೆಂಟ್ ಎಲ್ಲವೂ ‘ಪ್ಲೆ’. ಪಠ್ಯಪುಸ್ತಕದ ಪಾರಿಭಾಷಿಕ ಪದವಾಗಿ ಬಂದರೆ ಯೋಚಿಸದೆ ‘ಇ’ ಬರೆಯಿರಿ, ತಪ್ಪಾಗುವುದಿಲ್ಲ.

ಎಳೆ ಮಗುವಿನ ಊಟದ ವಿಷಯದಲ್ಲಿ ಈ ಅಕ್ಷರಕ್ಕೆ ನಿಜವಾದ ತೂಕವಿದೆ. ಹುಟ್ಟಿದ ಮಗುವಿಗೆ ಮೊದಲ 6 ತಿಂಗಳು ಎದೆಹಾಲು ಮಾತ್ರ, ಆಮೇಲೆ 2 ವರ್ಷದವರೆಗೆ ಮತ್ತು ಅದರಾಚೆಗೂ ಎದೆಹಾಲಿನ ಜೊತೆ ಮೆತ್ತಗಿನ ಆಹಾರ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆ ಜೊತೆಯ ಆಹಾರಕ್ಕೆ ಕಾಂಪ್ಲೆಮೆಂಟರಿ ಫೀಡಿಂಗ್ ಎಂದು ಹೆಸರು. ಎದೆಹಾಲನ್ನು ಬಿಡಿಸುವುದಲ್ಲ, ಅದೊಂದರಿಂದ ಸಾಲದಾದ ಪೋಷಣೆಯನ್ನು ತುಂಬುವುದು. ಆರೋಗ್ಯ ಶಿಬಿರದ ಕರಪತ್ರದಲ್ಲಿ ‘ಪ್ಲಿ’ ಅಚ್ಚಾದರೆ ಓದುವವರು ‘ಪುಕ್ಕಟೆ ಊಟದ ಕಾರ್ಯಕ್ರಮ’ ಎಂದುಕೊಳ್ಳುತ್ತಾರೆ.

ಇನ್ನೊಂದು ಬಳಕೆ, ‘ಫುಲ್ ಕಾಂಪ್ಲೆಮೆಂಟ್’. ಇರಬೇಕಾದಷ್ಟು ಮಂದಿ, ಪೂರ್ತಿ ಸಂಖ್ಯೆ ಎಂದರ್ಥ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಹಬ್ಬವನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೋಲ್‌ಕೀಪರ್ ಸೇರಿ 11 ಮಂದಿ ಮೈದಾನದಲ್ಲಿದ್ದರೆ ಅದು ತಂಡದ ಫುಲ್ ಕಾಂಪ್ಲೆಮೆಂಟ್. ಹಳದಿ ಕಾರ್ಡು ಬಿದ್ದು ಒಬ್ಬ ಆಚೆ ಕೂತಾಗ ತಂಡ ಫುಲ್ ಕಾಂಪ್ಲೆಮೆಂಟ್ ಇಲ್ಲದೆ ಆಡುತ್ತದೆ. ಹಡಗಿನ ಅಧಿಕಾರಿಗಳು, ಸಿಬ್ಬಂದಿ ಎಲ್ಲರನ್ನೂ ಸೇರಿಸಿ ‘ಶಿಪ್ಸ್ ಕಾಂಪ್ಲೆಮೆಂಟ್’ ಎನ್ನುವುದೂ ಹೀಗೆಯೇ.

ಇನ್ನು ‘ಪ್ಲಿ’: ಒಬ್ಬರು ಇನ್ನೊಬ್ಬರಿಗೆ ಆದರದಿಂದ ಕೊಡುವುದು

ಕಾಂಪ್ಲಿಮೆಂಟ್‌ನಲ್ಲಿ ಯಾವಾಗಲೂ ಕೊಡುವವರೊಬ್ಬರು, ಪಡೆಯುವವರೊಬ್ಬರು ಇರುತ್ತಾರೆ. ಕೊಡುವುದು ಮೂರು ಬಗೆ: ಮೆಚ್ಚುಗೆಯ ಮಾತು, ಶುಭ ಹಾರೈಕೆ, ದುಡ್ಡು ತೆಗೆದುಕೊಳ್ಳದೆ ಕೊಡುವ ವಸ್ತು ಅಥವಾ ಸೇವೆ.

ಮೆಚ್ಚುಗೆಗೆ ಹೆಚ್ಚು ವಿವರ ಬೇಡ. ಊಟ ಮುಗಿಸಿ ಅತಿಥಿ ‘ಮೈ ಕಾಂಪ್ಲಿಮೆಂಟ್ಸ್ ಟು ದಿ ಕುಕ್’ ಎಂದರೆ ಅಡುಗೆಯವರಿಗೆ ನನ್ನ ಮೆಚ್ಚುಗೆ ತಿಳಿಸಿ ಎಂದು. ಯಾವುದನ್ನು ಮೆಚ್ಚಿದರೋ ಅದಕ್ಕೆ ‘ಆನ್’ ಸೇರುತ್ತದೆ: ದೇ ಕಾಂಪ್ಲಿಮೆಂಟೆಡ್ ಅಸ್ ಆನ್ ದಿ ಗಾರ್ಡನ್. ಅತಿಥಿಗಳ ರಿವ್ಯೂಗೆ ಉತ್ತರಿಸುವಾಗ ‘ಥ್ಯಾಂಕ್ ಯೂ ಫಾರ್ ದಿ ಕಾಂಪ್ಲಿಮೆಂಟ್’ ಎಂದು ಬರೆಯುವುದು ವಾಡಿಕೆ. ಆ ಉತ್ತರ ಆ್ಯಪ್‌ನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಮುಂದೆ ಬರುವವರೆಲ್ಲ ಓದುತ್ತಾರೆ. ಅಲ್ಲಿ ‘ಐ’ ಇರಲೇಬೇಕು.

ಶುಭ ಹಾರೈಕೆಯ ‘ಪ್ಲಿ’ಯನ್ನು ನಾವೆಲ್ಲ ಚಿಕ್ಕಂದಿನಿಂದ ನೋಡಿದ್ದೇವೆ. ಮದುವೆ ಕಾಗದದ ಕೆಳತುದಿಯಲ್ಲಿ ಬಂಧುಮಿತ್ರರ ಹೆಸರಿನ ಮೇಲೆ, ಊರ ಉತ್ಸವದ ಸ್ಮರಣ ಸಂಚಿಕೆಯ ಜಾಹೀರಾತು ಪುಟಗಳಲ್ಲಿ ‘ವಿತ್ ಬೆಸ್ಟ್ ಕಾಂಪ್ಲಿಮೆಂಟ್ಸ್ ಫ್ರಮ್’ ಎಂದಿರುತ್ತದೆ. ಇವರ ಕಡೆಯಿಂದ ಶುಭಾಶಯಗಳು ಎಂದಷ್ಟೇ ಅರ್ಥ. ಅಂಗಡಿಯವರೋ ಎಸ್ಟೇಟಿನವರೋ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತಿನಲ್ಲಿ ಅವರ ಹೆಸರಿನ ನೆತ್ತಿಯ ಮೇಲೆಯೇ ‘ಪ್ಲೆ’ ಅಚ್ಚಾಗಿದ್ದರೆ ಬೇಸರವಾಗದಿರದು. ಸಂಚಿಕೆಯ ಸಂಪಾದಕರು ಇದೊಂದು ಸಾಲನ್ನು ಎಲ್ಲ ಪುಟಗಳಲ್ಲೂ ಬೆರಳಿಟ್ಟು ನೋಡಬೇಕು. ಒಂದು ಪುಟದ ಮಾದರಿಯನ್ನೇ ನಕಲು ಮಾಡಿ ಉಳಿದ ಪುಟ ಮಾಡುವುದರಿಂದ, ತಪ್ಪು ಬಿದ್ದರೆ ಎಲ್ಲ ಕಡೆಯೂ ಬೀಳುತ್ತದೆ.

ಸೇನೆಯಲ್ಲಿ ದುಡಿದು ಬಂದವರು ಕೊಡಗಿನ ಊರೂರಲ್ಲೂ ಇದ್ದಾರೆ. ಅವರಿಗೆ ‘ಪೇಯಿಂಗ್ ಕಾಂಪ್ಲಿಮೆಂಟ್ಸ್’ ಎಂದರೆ ಸೆಲ್ಯೂಟ್ ಮತ್ತು ಅಂಥ ಗೌರವ ಸಲ್ಲಿಕೆ. ಪರೇಡ್ ಮೈದಾನದಲ್ಲಿ ಕೊಡುವ ಗೌರವ ‘ಪ್ಲಿ’, ಅದೇ ಮೈದಾನದಲ್ಲಿ ತುಕಡಿಯ ಪೂರ್ತಿ ಸಂಖ್ಯಾಬಲ ‘ಪ್ಲೆ’. ಎರಡೂ ಒಂದೇ ಕಡೆ ಬರುವ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುವುದಿಲ್ಲ.

ಉಳಿದದ್ದು ಹೋಂಸ್ಟೇಯವರಿಗೆ ಬೇಕಾದ ‘ಉಚಿತ’. ಕಾಂಪ್ಲಿಮೆಂಟರಿ ಎಂದರೆ ಸುಮ್ಮನೆ ಪುಕ್ಕಟೆ ಎಂದಲ್ಲ, ಬಂದವರ ಮೇಲಿನ ಆದರದಿಂದ ನಮ್ಮ ಕಡೆಯಿಂದ ಎಂಬ ಛಾಯೆ ಅದರಲ್ಲಿದೆ. ಬಂದಿಳಿದ ಕೂಡಲೇ ಕೊಡುವ ಒಂದು ಲೋಟ ಕಾಫಿ, ಹೊರಡುವಾಗ ಕೈಗಿಡುವ ಕಾಳುಮೆಣಸಿನ ಚಿಕ್ಕ ಪೊಟ್ಟಣ, ಪಂದ್ಯಾವಳಿಗೆ ಗಣ್ಯರಿಗೆ ಕಳಿಸುವ ಪಾಸು, ಲೇಖಕರಿಗೆ ಪ್ರಕಾಶಕರು ಕೊಡುವ ಗೌರವ ಪ್ರತಿ ಎಲ್ಲವೂ ಕಾಂಪ್ಲಿಮೆಂಟರಿ. ‘ಕಾಂಪ್ಲಿಮೆಂಟರಿ ಫ್ರೀ ಬ್ರೇಕ್‌ಫಾಸ್ಟ್’ ಎಂದು ಎರಡನ್ನೂ ಸೇರಿಸಬೇಡಿ. ಒಂದು ಹೇಳಿದರೆ ಇನ್ನೊಂದು ಹೇಳಿದಂತೆಯೇ.

ಒಂದೇ ಬೇರಿನವು

ಎರಡು ಪದಗಳೂ ಹುಟ್ಟಿದ್ದು ‘ತುಂಬು, ಪೂರ್ತಿ ಮಾಡು’ ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ. ‘ಪ್ಲೆ’ ಆ ಮೂಲ ಅರ್ಥವನ್ನೇ ಉಳಿಸಿಕೊಂಡಿತು. ‘ಪ್ಲಿ’ ಸ್ಪ್ಯಾನಿಷ್, ಇಟಾಲಿಯನ್, ಫ್ರೆಂಚ್ ಭಾಷೆಗಳನ್ನು ಸುತ್ತಿಕೊಂಡು 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಬರುವಾಗ ‘ಮರ್ಯಾದೆಗೆ ತಕ್ಕಂತೆ ನಡೆದುಕೊಂಡು ಪೂರೈಸುವುದು’ ಎಂಬ ಅರ್ಥ ಹೊತ್ತು ತಂದಿತು. ಅದಕ್ಕೂ ಮುಂಚೆ ಇಂಗ್ಲಿಷಿನವರು ಎರಡಕ್ಕೂ ‘ಇ’ ಸ್ಪೆಲಿಂಗನ್ನೇ ಬರೆಯುತ್ತಿದ್ದರು. ಈಗ ಗೊಂದಲ ಆಗುವುದರಲ್ಲಿ ಅಚ್ಚರಿಯಿಲ್ಲ, ನಾಚಿಕೆಪಡುವಂಥದ್ದೂ ಇಲ್ಲ.

ನೆನಪಿಟ್ಟುಕೊಳ್ಳುವ ಬಗೆ

ಎರಡು ಪದ ನೆನಪಿರಲಿ: ಕಂಪ್ಲೀಟ್ ಮತ್ತು ಪೊಲೈಟ್. ಕಂಪ್ಲೀಟ್ ಎಂದರೆ ಪೂರ್ತಿ. ಅದರ ಸ್ಪೆಲಿಂಗ್‌ನಲ್ಲಿ ಎಲ್ ಆದಮೇಲೆ ‘ಇ’ ಇದೆ, ಕಾಂಪ್ಲೆಮೆಂಟ್‌ನಲ್ಲೂ ಹಾಗೆಯೇ. ಅಷ್ಟೇ ಅಲ್ಲ, ಎರಡರ ಮೊದಲ ಆರು ಅಕ್ಷರಗಳೂ ಒಂದೇ. ಪೊಲೈಟ್ ಎಂದರೆ ಸೌಜನ್ಯ. ಅದರಲ್ಲಿ ಎಲ್ ಆದಮೇಲೆ ‘ಐ’, ಕಾಂಪ್ಲಿಮೆಂಟ್‌ನಲ್ಲೂ ‘ಐ’. ಪೂರ್ತಿಯಾಗುವ ಮಾತಿಗೆ ಕಂಪ್ಲೀಟ್ ಜೊತೆ, ಸೌಜನ್ಯದ ಮಾತಿಗೆ ಪೊಲೈಟ್ ಜೊತೆ.

ಕನ್ನಡಿಗರು ಜಾಗ್ರತೆ ವಹಿಸಬೇಕಾದ್ದು ಇಲ್ಲೇ. ಕಂಪ್ಲೀಟ್ ಎಂದು ಹೇಳುವಾಗ ನಮಗೆ ‘ಲೀ’ ಕೇಳುತ್ತದೆ, ಅದನ್ನು ನೆಚ್ಚಿ ‘ಐ’ ಬರೆದುಬಿಡುವ ಅಪಾಯವಿದೆ. ಕೇಳಿಸುವ ಸ್ವರವನ್ನು ಬಿಡಿ. ಕಂಪ್ಲೀಟ್ ಎಂಬ ಪದವನ್ನು ಕಾಗದದ ಮೇಲೆ ಇಂಗ್ಲಿಷಿನಲ್ಲಿ ಬರೆದು, ಕಣ್ಣಿಂದ ನೋಡಿ ಅಕ್ಷರ ಎತ್ತಿಕೊಳ್ಳಿ.

ಬರೆದ ವಾಕ್ಯಕ್ಕೆ ಕೇಳಬೇಕಾದ ಪ್ರಶ್ನೆ

ಅನುಮಾನ ಬಂದಾಗ ವಾಕ್ಯವನ್ನು ಮುಂದಿಟ್ಟುಕೊಂಡು ಮೊದಲು ಕೇಳಿ: ಇಲ್ಲಿ ಯಾರಾದರೂ ಯಾರಿಗಾದರೂ ಹೊಗಳಿಕೆ, ಹಾರೈಕೆ ಅಥವಾ ಉಚಿತ ವಸ್ತು ಕೊಡುತ್ತಿದ್ದಾರೆಯೇ? ಹೌದಾದರೆ ‘ಐ’. ಇಲ್ಲದಿದ್ದರೆ ಇನ್ನೊಂದು ಕೇಳಿ: ಎರಡು ಸಂಗತಿಗಳು ಒಂದಕ್ಕೊಂದು ಹೊಂದಿ ಪೂರ್ತಿಯಾಗುತ್ತಿವೆಯೇ? ಹೌದಾದರೆ ‘ಇ’. ಆ ಜಾಗದಲ್ಲಿ ‘ಪೂರಕ’ ಎಂಬ ಕನ್ನಡ ಪದ ಇಟ್ಟು ಓದಿ ನೋಡುವುದೂ ಒಳ್ಳೆಯದು. ಪೂರಕ ಕೋನ ಸರಿ ಹೊಂದುತ್ತದೆ, ಪೂರಕ ಪಾಸು ಹೊಂದುವುದಿಲ್ಲ.

ಕೆಲವು ವಾಕ್ಯಗಳಲ್ಲಿ ಕೈಯಾಡಿಸಿ ನೋಡೋಣ. ‘ಮಾಂದಲ್‌ಪಟ್ಟಿಗೆ ಜೀಪು ಬಾಡಿಗೆ ನಮ್ಮದೇ, ನೀವು ಕೊಡಬೇಕಿಲ್ಲ’: ಕೊಡುಗೆ, ಆದ್ದರಿಂದ ‘ಐ’. ‘ಹಳೆ ಮನೆಯ ಮರದ ಕಂಬಗಳಿಗೆ ಕೆಂಪು ಗಾರೆ ನೆಲ ಚೆನ್ನಾಗಿ ಹೊಂದುತ್ತದೆ’: ಜೋಡಿ, ‘ಇ’. ‘ನಿಮ್ಮ ಸೀರೆ ಚೆನ್ನಾಗಿದೆ ಎಂದು ಅವರು ಮೆಚ್ಚಿದರು’: ಹೊಗಳಿಕೆ, ‘ಐ’. ‘ಆ ಸೀರೆಗೆ ಈ ಸರ ಒಪ್ಪುತ್ತದೆ’: ‘ಇ’. ಕೊನೆಯ ಎರಡನ್ನು ಬೆರೆಸಿಕೊಳ್ಳುವವರೇ ಹೆಚ್ಚು, ಯಾಕೆಂದರೆ ಎರಡರಲ್ಲೂ ಸೀರೆಯಿದೆ, ಎರಡರಲ್ಲೂ ಮೆಚ್ಚುಗೆಯಿದೆ. ಹೊಗಳುತ್ತಿರುವುದು ಮನುಷ್ಯರೋ, ಹೊಂದುತ್ತಿರುವುದು ವಸ್ತುವೋ ಎಂದು ಬಿಡಿಸಿ ನೋಡಿದರೆ ಸಿಕ್ಕು ಬಿಡುತ್ತದೆ.

ನಡುವೆ ‘ಸಪ್ಲಿಮೆಂಟ್’ ಬಂದು ಸೇರಿದರೆ? ಅದು ಇದ್ದುದರ ಮೇಲೆ ಇನ್ನಷ್ಟು ಸೇರಿಸುವುದು. ಪತ್ರಿಕೆಯ ಪುರವಣಿ, ಕಬ್ಬಿಣಾಂಶದ ಮಾತ್ರೆ, ಪೂರಕ ಪರೀಕ್ಷೆ ಇವೆಲ್ಲ ಸಪ್ಲಿಮೆಂಟ್, ಸಪ್ಲಿಮೆಂಟರಿ. ಕನ್ನಡದಲ್ಲಿ ಇದಕ್ಕೂ ಕೆಲವೊಮ್ಮೆ ‘ಪೂರಕ’ ಎಂದೇ ಬಳಸುವುದರಿಂದ ಇಲ್ಲಿ ಕನ್ನಡ ಪದವೊಂದನ್ನೇ ನೆಚ್ಚಿಕೊಳ್ಳಲಾಗದು. ಗಣಿತದಲ್ಲಿ ಮಾತ್ರ ನಮ್ಮವರು ಚೊಕ್ಕವಾಗಿ ಬೇರ್ಪಡಿಸಿದ್ದಾರೆ: 90 ಡಿಗ್ರಿಯದು ಪೂರಕ, 180 ಡಿಗ್ರಿಯದು ಪರಿಪೂರಕ. ಅಂದಹಾಗೆ ಸಪ್ಲಿಮೆಂಟ್ ಕಿವಿಗೆ ‘ಪ್ಲಿ’ ಎಂದೇ ಕೇಳಿದರೂ ಸ್ಪೆಲಿಂಗ್‌ನಲ್ಲಿ ಎಲ್ ಆದಮೇಲೆ ‘ಇ’.

ಬೋರ್ಡಿಗೆ, ರೇಟ್ ಕಾರ್ಡಿಗೆ

ಅಕ್ಷರ ಸರಿಯಾದ ಮೇಲೆ ಮಾತೂ ಸರಿಯಿರಬೇಕು. ರೂಮಿನ ಬಾಡಿಗೆಯಲ್ಲೇ ತಿಂಡಿಯ ದುಡ್ಡು ಸೇರಿಸಿದ್ದರೆ ‘ಕಾಂಪ್ಲಿಮೆಂಟರಿ’ ಎನ್ನುವುದಕ್ಕಿಂತ ‘ಬ್ರೇಕ್‌ಫಾಸ್ಟ್ ಇನ್‌ಕ್ಲೂಡೆಡ್’ ಎನ್ನುವುದು ಪ್ರಾಮಾಣಿಕ. ಸ್ಪೆಲಿಂಗ್ ಗೊಂದಲವೂ ತಾನಾಗಿ ತಪ್ಪುತ್ತದೆ. ನನ್ನನ್ನು ಕೇಳಿದರೆ ಬೋರ್ಡಿಗೆ ಇದೇ ಮೇಲು. ನಿಜಕ್ಕೂ ನಿಮ್ಮ ಕಡೆಯಿಂದ ಕೊಡುವುದಕ್ಕೆ ಮಾತ್ರ, ಅಂದರೆ ಬಂದಾಗಿನ ಕಾಫಿ, ತೋಟ ಸುತ್ತಿಸುವುದು ಇಂಥವಕ್ಕೆ ಕಾಂಪ್ಲಿಮೆಂಟರಿ ಪದವನ್ನು ಮೀಸಲಿಡಿ.

ಒಂದೇ ಸಾಲಿನಲ್ಲಿ ‘ಕಾಂಪ್ಲಿಮೆಂಟರಿ ಬ್ರೇಕ್‌ಫಾಸ್ಟ್, ಕ್ಯಾಂಪ್‌ಫೈರ್, ಟ್ರೆಕ್ಕಿಂಗ್’ ಎಂದು ಬರೆಸುವುದು ಇನ್ನೊಂದು ತೊಂದರೆ. ಇಂಗ್ಲಿಷ್ ಓದುವವರಿಗೆ ಮೊದಲ ಪದ ಮೂರಕ್ಕೂ ಅನ್ವಯಿಸುತ್ತದೆ. ರಾತ್ರಿ ಸೌದೆ ಉರಿದಾದ ಮೇಲೆ, “ಆಂಟಿ, ಬೋರ್ಡಲ್ಲಿ ಎಲ್ಲಾ ಕಾಂಪ್ಲಿಮೆಂಟರಿ ಅಂತ ಇತ್ತಲ್ಲ?” ಎಂದು ಅತಿಥಿ ಕೇಳಿದರೆ, “ಇಲ್ಲಪ್ಪಾ, ತಿಂಡಿ ಮಾತ್ರ” ಎನ್ನುವಾಗ ಇಬ್ಬರಿಗೂ ಕಸಿವಿಸಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತು ದೂರಿಗೆ ಕಾರಣವಾಗಬಲ್ಲದು ಎಂಬುದೂ ಗೊತ್ತಿರಲಿ. ಉಚಿತವಾದದ್ದು ಒಂದು ಸಾಲು, ದುಡ್ಡು ಕೊಡಬೇಕಾದ್ದು ಇನ್ನೊಂದು ಸಾಲು. ಎರಡನೆಯದರ ಮುಂದೆ ‘ಚಾರ್ಜಸ್ ಎಕ್ಸ್‌ಟ್ರಾ’ ಎಂದು ಸ್ಪಷ್ಟವಾಗಿ ಹಾಕಿಸಿ.

ಅಚ್ಚಿಗೆ ಕೊಡುವ ಮುನ್ನ ಮಾಡಬೇಕಾದ ಕೆಲಸ ಹೀಗಿದೆ. ಕಂಪ್ಯೂಟರಿನಲ್ಲಿ ಕಡತ ತೆರೆದು ಕಂಟ್ರೋಲ್ ಮತ್ತು ಎಫ್ ಒಟ್ಟಿಗೆ ಒತ್ತಿ, ಹುಡುಕುವ ಜಾಗದಲ್ಲಿ ಮೊದಲ ಐದು ಅಕ್ಷರ ಮಾತ್ರ ಟೈಪ್ ಮಾಡಿ. ‘ಪ್ಲೆ’, ‘ಪ್ಲಿ’ ಎರಡೂ ಒಟ್ಟಿಗೆ ಸಿಗುತ್ತವೆ, ಒಂದೊಂದಕ್ಕೂ ಮೇಲಿನ ಪ್ರಶ್ನೆ ಕೇಳುತ್ತಾ ಹೋಗಿ. ಫ್ಲೆಕ್ಸ್ ಆದರೆ ವಾಟ್ಸ್‌ಆ್ಯಪ್‌ನಲ್ಲಿ ಬರುವ ಪ್ರೂಫನ್ನು ಬೆರಳಿಂದ ಹಿಗ್ಗಿಸಿ ಆರನೇ ಅಕ್ಷರ ನೋಡಿ. ಅಲಂಕಾರದ ಫಾಂಟ್ ಆದರೆ ಇನ್ನೂ ನಿಧಾನಿಸಿ, ಅಂಥವುಗಳಲ್ಲಿ ಅಕ್ಷರ ಗುರುತಿಸುವುದು ಕಷ್ಟ. ಬುಕಿಂಗ್ ಆ್ಯಪ್‌ಗಳಲ್ಲಿ ನೀವೇ ಬರೆದು ಹಾಕಿದ ವಿವರಣೆ ಎಷ್ಟು ಕಡೆ ಇದೆಯೋ ಅಷ್ಟೂ ಕಡೆ ಬೇರೆಬೇರೆಯಾಗಿ ತಿದ್ದಬೇಕು, ಒಂದರಲ್ಲಿ ಸರಿಪಡಿಸಿದರೆ ಇನ್ನೊಂದರಲ್ಲಿ ತಾನಾಗಿ ಸರಿಯಾಗುವುದಿಲ್ಲ. ಹಳೆಯ ಬೋರ್ಡಿನಲ್ಲಿ ತಪ್ಪು ಈಗಾಗಲೇ ಇದ್ದರೆ ಇಡೀ ಬೋರ್ಡು ಬದಲಿಸುವ ಖರ್ಚು ಬೇಡ. ಅದೇ ಬಣ್ಣದ ವಿನೈಲ್ ಸ್ಟಿಕ್ಕರಿನಲ್ಲಿ ಆ ಒಂದು ಪದವನ್ನು ಕತ್ತರಿಸಿಕೊಡುವಂತೆ ಬೋರ್ಡು ಮಾಡಿದವರನ್ನೇ ಕೇಳಿ, ಮಳೆಗಾಲ ಹಿಡಿಯುವ ಮುಂಚೆ, ಬೋರ್ಡು ಚೆನ್ನಾಗಿ ಒಣಗಿರುವಾಗ ಅಂಟಿಸಿಬಿಡಿ. ತೇವದ ಮೇಲೆ ಅಂಟಿಸಿದ್ದು ನಮ್ಮ ಜೂನ್ ಮಳೆಗೆ ನಿಲ್ಲುವುದಿಲ್ಲ.